ಪದ

ಪದ ಎಂಬ ಎರಡಕ್ಷರದ ಶಬ್ದವು ಕನ್ನಡದಲ್ಲಿ ಹೆಜ್ಜೆ, ಕಾಲು, ನೆಲೆ, ಅಧಿಕಾರಸ್ಥಾನ, ಪ್ರತ್ಯಯವನ್ನು ಪಡೆದ ಮಾತು, ಪದ್ಯದ ಪಾದ, ಹಾಡು, ವಾಸ್ತುಮಂಡಲದ ಚೌಕ, ಗಣಿತಶ್ರೇಢಿಯ ಅಂಗ ಮುಂತಾದ ಅರ್ಥಗಳಲ್ಲಿ ಬಳಕೆಯಲ್ಲಿದೆ; ಹಳಗನ್ನಡದಲ್ಲಿ ಇವೆಲ್ಲಕ್ಕೂ ಬೇರೆಯಾದ ಪಕ್ವತೆ, ಪಾಕ, ಯುಕ್ತವಾದ ಸ್ಥಿತಿ ಎಂಬ ಅರ್ಥವೂ ಇದೇ ರೂಪಕ್ಕೆ ಇದ್ದಿತು. ನೋಡುವುದಕ್ಕೆ ಒಂದೇ ಶಬ್ದದ ಹಲವು ಅರ್ಥಗಳಂತೆ ಕಾಣುವ ಇವು ವಾಸ್ತವವಾಗಿ ಎರಡು ಬೇರೆಬೇರೆ ಶಬ್ದಗಳ ಸಂತತಿ. ಮೊದಲನೆಯದು ಸಂಸ್ಕೃತದಿಂದ ಬಂದ ತತ್ಸಮ. ಎರಡನೆಯದು ತಮಿಳು, ತೆಲುಗುಗಳಲ್ಲಿಯೂ ಸೋದರರೂಪಗಳುಳ್ಳ ದ್ರಾವಿಡಶಬ್ದ, ಇಂದು ಕನ್ನಡಿಗರೆಲ್ಲರ ನಾಲಗೆಯಲ್ಲಿ 'ಹದ' ಎಂದು ನಿಂತಿರುವುದು. ಈ ಎರಡನ್ನೂ ಬೇರೆಬೇರೆಯಾಗಿ ನೋಡಿದ ಹೊರತು ಪದದ ಚರಿತ್ರೆ ತಿಳಿಯಾಗುವುದಿಲ್ಲ. ಆದರೆ ಬೇರ್ಪಡಿಸಿ ನೋಡಿದ ಮೇಲೆ ಅವೆರಡೂ ಕನ್ನಡದ ಆದಿಗ್ರಂಥವೊಂದರಲ್ಲಿ ಹೇಗೆ ಎದುರುಬದುರಾಗಿ ನಿಲ್ಲುತ್ತವೆಂಬುದನ್ನೂ ನೋಡಬೇಕಾಗುತ್ತದೆ.

ಸಂಸ್ಕೃತದ 'ಪದ್' ಧಾತುವಿಗೆ ಹೋಗು, ಬೀಳು ಎಂದು ಅರ್ಥ. ಗ್ರೀಕ್ ಭಾಷೆಯ 'ಪೂಸ್', 'ಪೊದೊಸ್' ಎಂಬ ರೂಪಗಳೂ ಲ್ಯಾಟಿನ್ ಭಾಷೆಯ 'ಪೇಸ್', 'ಪೆದಿಸ್' ಎಂಬ ರೂಪಗಳೂ ಇದೇ ಮೂಲದಿಂದ ಕವಲೊಡೆದವು. ದೇಹದ ಅಂಗವಾದ ಕಾಲಿಗೆ 'ಪಾದ' ಎಂಬುದು ಮುಖ್ಯವಾಗಿ ಸಲ್ಲುತ್ತಿದ್ದರೆ, 'ಪದ' ಎಂಬುದು ಆ ಕಾಲನ್ನು ಊರುವ ಕ್ರಿಯೆಗೂ ಊರಿದ ಗುರುತಿಗೂ ಊರಿದ ಎಡೆಗೂ ಸಂದಿತು. ಅಂದರೆ ಚಲನೆ, ಚಿಹ್ನೆ, ಸ್ಥಾನ ಎಂಬ ಮೂರು ಭಾವಗಳು ಮೊದಲಿನಿಂದಲೂ ಈ ಶಬ್ದದಲ್ಲಿ ಸೇರಿಕೊಂಡಿದ್ದುವು, ಮುಂದೆ ಹುಟ್ಟಿದ ಅರ್ಥಗಳಲ್ಲಿ ಬಹುಮಟ್ಟಿನವು ಈ ಮೂರರಲ್ಲಿ ಯಾವುದಾದರೊಂದರಿಂದ ಟಿಸಿಲೊಡೆದವೇ ಆಗಿವೆ. ಋಗ್ವೇದದಲ್ಲಿ ವಿಷ್ಣುವು ಮೂರು ಹೆಜ್ಜೆಗಳಿಂದ ಲೋಕವನ್ನು ಅಳೆದನೆಂಬಲ್ಲಿ ಅವನ ಅತ್ಯುನ್ನತವಾದ ಹೆಜ್ಜೆಗೆ ಪರಮಪದವೆಂದು ಹೆಸರು. ಹೆಜ್ಜೆಯೇ ಅಲ್ಲಿ ನೆಲೆಯಾಯಿತು. ಮುಂದೆ ಆ ನೆಲೆ ವೈಕುಂಠವೆಂದಾಗಿ, ಶ್ರೀವೈಷ್ಣವರಲ್ಲಿ ಹಿರಿಯರು ತೀರಿಕೊಂಡುದನ್ನು 'ಪರಮಪದಿಸಿದರು' ಎಂದು ಹೇಳುವ ಕ್ರಿಯಾರೂಪವೂ, ಹಾವು ಏಣಿಗಳ ಪಟಕ್ಕೆ 'ಪರಮಪದಸೋಪಾನ'ವೆಂಬ ಹೆಸರೂ ಅದರಿಂದ ಒದಗಿದುವು. ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಪದಕ್ಕೆ ಪ್ರಯತ್ನ, ರಕ್ಷಣೆ, ಸ್ಥಾನ, ಚಿಹ್ನೆ, ಕಾಲು, ವಸ್ತು ಎಂಬ ಆರು ಅರ್ಥಗಳನ್ನು ಎಣಿಸಿದ್ದಾನೆ. ಈ ಆರರಲ್ಲಿ ಹಾಡು ಇಲ್ಲವೆಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು; ಏಕೆಂದರೆ ಕನ್ನಡದ ಹಳ್ಳಿಗಳಲ್ಲಿ ಪದವೆಂದರೆ ಮೊದಲು ನೆನಪಿಗೆ ಬರುವುದೇ ಹಾಡು.

ಸ್ಥಾನವೆಂಬ ಅರ್ಥದಿಂದ ಬೆಳೆದ ಸಮಾಸಗಳು ಕನ್ನಡದಲ್ಲಿ ಹೇರಳವಾಗಿವೆ. ಸಂದೇಹಕ್ಕೆ 'ಆಸ್ಪದ'ವಿಲ್ಲ ಎನ್ನುವಾಗ ಕಾಲಿಡುವಷ್ಟು ಎಡೆಯೂ ಇಲ್ಲವೆಂದೇ ಹೇಳಿದಂತಾಯಿತು. ಹಸುವಿನ ಗೊರಸಿನ ಗುರುತಿನಲ್ಲಿ ನಿಂತ ನೀರಿನಷ್ಟು ಅಲ್ಪವಾದುದನ್ನು ಕವಿಗಳು 'ಗೋಷ್ಪದ'ವೆಂದರು. 'ಪದವಿ' ಎಂಬುದು ಮೊದಲು ದಾರಿ, ಬಳಿಕ ಅಂತಸ್ತು, ಈಗ ವಿಶ್ವವಿದ್ಯಾನಿಲಯವು ಕೊಡುವ ಅರ್ಹತೆ. ಪದಾಧಿಕಾರಿ, ಪದಚ್ಯುತಿ, ಪದಗ್ರಹಣ ಇವುಗಳನ್ನು ವಿವರಿಸಬೇಕಾದುದಿಲ್ಲ. ಆದರೆ 'ಜನಪದ' ಎಂಬುದು ಹಾಗಲ್ಲ. ಅದರಲ್ಲಿ ತುಸು ನಿಲ್ಲಬೇಕು. ಜನರು ಕಾಲೂರಿ ನೆಲೆನಿಂತ ಭೂಮಿ ಜನಪದ. ಬುದ್ಧನ ಕಾಲದ ಹದಿನಾರು ಮಹಾಜನಪದಗಳ ಪಟ್ಟಿ ಪಾಲಿಯ ಅಂಗುತ್ತರನಿಕಾಯದಲ್ಲಿ ಬರುತ್ತದೆ. ಕ್ರಿ.ಶ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯ ತನಕ ಹಬ್ಬಿದ ಕನ್ನಡ ನಾಡನ್ನು ಹೇಳುವಾಗ ಬಳಸಿರುವುದೂ ಇದೇ ಶಬ್ದವನ್ನು. ಅಲ್ಲಿ ಜನಪದವೆಂದರೆ ಹಳ್ಳಿಗರಲ್ಲ, ಅನಕ್ಷರಸ್ಥರಲ್ಲ. ಒಂದು ಭಾಷೆಯಲ್ಲಿ ತನ್ನನ್ನು ತಾನು ಕಂಡುಕೊಂಡ ಇಡಿಯ ನಾಡು. ಇಪ್ಪತ್ತನೆಯ ಶತಮಾನದಲ್ಲಿ 'ಜನಪದ ಸಾಹಿತ್ಯ', 'ಜಾನಪದ' ಎಂಬ ಪ್ರಯೋಗಗಳು ರೂಢವಾದಂತೆ ಈ ಶಬ್ದದ ವ್ಯಾಪ್ತಿ ಕಿರಿದಾಯಿತು. ಆದರೆ ಅದೇ ಕಾರಣದಿಂದ ಬಾಯಿಮಾತಿನ ಸಾಹಿತ್ಯಕ್ಕೆ ಗೌರವದ ಹೆಸರೊಂದು ದೊರೆತುದನ್ನೂ ಒಪ್ಪಬೇಕು.

ಪದಕ್ಕೆ ಮಾತು ಎಂಬ ಅರ್ಥವು ಒದಗಿದುದು ವೇದಾಧ್ಯಯನದ ಅವಶ್ಯಕತೆಯಿಂದ. ಮಂತ್ರಗಳನ್ನು ಸಂಧಿಸಹಿತವಾಗಿ ಎಡೆಬಿಡದೆ ಹೇಳುವುದು ಸಂಹಿತಾಪಾಠ; ಆ ಅಖಂಡವಾದ ನಾದಪ್ರವಾಹವನ್ನು ಬಿಡಿಸಿ, ಸಂಧಿಯನ್ನು ಕಳಚಿ, ಒಂದೊಂದು ಶಬ್ದವನ್ನೂ ಅದರ ಸ್ವಂತ ಸ್ವರದೊಡನೆ ನಿಲ್ಲಿಸಿ ಹೇಳುವುದು ಪದಪಾಠ. ಋಗ್ವೇದದ ಪದಪಾಠವನ್ನು ರಚಿಸಿದವನು ಶಾಕಲ್ಯನೆಂದು ಪರಂಪರೆ ಹೇಳುತ್ತದೆ. ಪದಪಾಠವನ್ನು ಆಧರಿಸಿ ಕ್ರಮ, ಜಟಾ, ಘನ ಮುಂತಾದ ಪಾಠಗಳು ಬೆಳೆದುವು. ಎಲ್ಲಿ ಒಂದು ಶಬ್ದ ಮುಗಿದು ಇನ್ನೊಂದು ತೊಡಗುತ್ತದೆಂಬುದನ್ನು ಕಿವಿಯೊಂದರ ಸಹಾಯದಿಂದ, ಬರಹದ ಆಸರೆಯಿಲ್ಲದೆ ನಿರ್ಣಯಿಸಿದ ಈ ಕಾರ್ಯವು ಭಾಷಾಶಾಸ್ತ್ರದ ಇತಿಹಾಸದಲ್ಲಿ ಅತ್ಯಂತ ಪ್ರಾಚೀನವಾದ ಸಾಹಸಗಳಲ್ಲಿ ಒಂದು. ಅದನ್ನು ಕಂಠಪಾಠದ ಯಾಂತ್ರಿಕ ಕಸರತ್ತೆಂದು ಎಣಿಸುವವರು ಅದರೊಳಗಿನ ವಿಶ್ಲೇಷಣೆಯನ್ನು ನೋಡಿಲ್ಲ. ಪಾಣಿನಿಯು ಬಳಿಕ ಪದಕ್ಕೆ ಖಚಿತವಾದ ಲಕ್ಷಣವನ್ನು ಕೊಟ್ಟನು: ನಾಮವಿಭಕ್ತಿಯಿಂದಾಗಲಿ ಕ್ರಿಯಾವಿಭಕ್ತಿಯಿಂದಾಗಲಿ ಕೊನೆಗೊಂಡುದು ಪದ. ಕನ್ನಡದ ವ್ಯಾಕರಣಗಳೂ ಈ ಹಾದಿಯನ್ನೇ ಹಿಡಿದುವು. 'ಮರ' ಎಂಬುದು ಬರಿಯ ನಾಮಪ್ರಕೃತಿ, 'ಮರವನ್ನು' ಎಂಬುದು ನಾಮಪದ. 'ಓದು' ಎಂಬುದು ಧಾತು, 'ಓದಿದನು' ಎಂಬುದು ಕ್ರಿಯಾಪದ. ಇಂದಿನ ಮಾತಿನಲ್ಲಿ ಶಬ್ದ, ಪದ ಎಂಬ ಎರಡನ್ನೂ ಒಂದರ ಬದಲಿಗೆ ಇನ್ನೊಂದನ್ನು ಇಟ್ಟು ಬಳಸುತ್ತೇವಾದರೂ, ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ಭಟ್ಟಾಕಳಂಕನು 1604ರಲ್ಲಿ ಪೂರ್ಣಗೊಳಿಸಿದ 'ಕರ್ಣಾಟಕ ಶಬ್ದಾನುಶಾಸನ'ವನ್ನೂ ಓದುವವನು ಈ ಭೇದವನ್ನು ಮರೆತರೆ ಹೆಜ್ಜೆಹೆಜ್ಜೆಗೂ ತೊಡಕಿಗೆ ಸಿಕ್ಕುವನು.

ಪದ ದೊಡ್ಡದೋ ವಾಕ್ಯ ದೊಡ್ಡದೋ ಎಂಬ ವಿಚಾರದಲ್ಲಿ ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ಭರ್ತೃಹರಿಯ ಗ್ರಂಥದ ಹೆಸರೇ 'ವಾಕ್ಯಪದೀಯ'. ವಾಕ್ಯವೇ ಅಖಂಡವಾದ ಸತ್ಯ, ಪದಗಳು ನಾವು ತಿಳಿವಿನ ಸೌಕರ್ಯಕ್ಕಾಗಿ ಅದರಿಂದ ಬಿಡಿಸಿ ತೆಗೆದ ಕಲ್ಪನೆಗಳೆಂದು ಅವನ ಪಕ್ಷ. ಮೀಮಾಂಸಕರಲ್ಲಿ ಕುಮಾರಿಲನ ಪಂಥದವರು ಪದಗಳು ಮೊದಲು ತಂತಮ್ಮ ಅರ್ಥಗಳನ್ನು ಹೇಳಿ ಆಮೇಲೆ ಆ ಅರ್ಥಗಳು ಅನ್ವಯಗೊಳ್ಳುತ್ತವೆಂದರೆ, ಪ್ರಭಾಕರನ ಪಂಥದವರು ಅನ್ವಯಗೊಂಡ ಅರ್ಥವನ್ನಲ್ಲದೆ ಬಿಡಿಯಾದುದನ್ನು ಪದವು ಹೇಳುವುದೇ ಇಲ್ಲವೆಂದರು. ಮಗುವು ಮಾತು ಕಲಿಯುವಾಗ ದೊಡ್ಡವರಾಡುವ ಇಡಿಯ ವಾಕ್ಯಗಳನ್ನು ಕೇಳಿ, ಕೆಲಸ ನಡೆಯುವುದನ್ನು ಕಂಡು, ಮೆಲ್ಲಮೆಲ್ಲನೆ ಬಿಡಿ ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳುವುದೆಂಬ ಸೂಕ್ಷ್ಮವಾದ ಅವಲೋಕನವು ಈ ವಾದದ ನಡುವೆ ಬಂದುದು. ಅದು ಇಂದಿಗೂ ಮಾಸಿಲ್ಲ. ಪಾಲಿಯಲ್ಲಿ ಪದಶಬ್ದದ ಈ ಬಹುಮುಖತ್ವಕ್ಕೆ 'ಧಮ್ಮಪದ'ವೇ ಸಾಕ್ಷಿ. 423 ಗಾಥೆಗಳ ಆ ಗ್ರಂಥದ ಹೆಸರನ್ನು ಧರ್ಮದ ಮಾತುಗಳೆಂದೂ ಧರ್ಮದ ದಾರಿಯೆಂದೂ ಎರಡು ಬಗೆಯಾಗಿ ವಿದ್ವಾಂಸರು ಬಿಡಿಸಿರುವರು, ಎರಡಕ್ಕೂ ಗ್ರಂಥದೊಳಗೆ ಆಧಾರವುಂಟು.

ಪದ ಸೂಚಿಸುವ ಅರ್ಥವೇ 'ಪದಾರ್ಥ'. ವೈಶೇಷಿಕರು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರನ್ನೂ, ಬಳಿಕ ಅಭಾವವನ್ನು ಕೂಡಿಸಿ ಏಳನ್ನೂ ಒಪ್ಪಿದರು. ನೈಯಾಯಿಕರದು ಹದಿನಾರು, ಜೈನರದು ಒಂಬತ್ತು. ಹೆಸರಿಟ್ಟು ಹೇಳಬಹುದಾದುದೆಲ್ಲವೂ ಪದಾರ್ಥವೆಂಬ ಈ ಗಂಭೀರವಾದ ಕಲ್ಪನೆಯು ಜನಸಾಮಾನ್ಯರ ಬಳಕೆಗೆ ಇಳಿದು ಸಾಮಾನು, ಸರಕು, ತಿನ್ನುವ ವಸ್ತು ಎಂದಾಯಿತು. ದಕ್ಷಿಣ ಕನ್ನಡದ ಮನೆಗಳಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನ್ನಕ್ಕೆ ಕಲಸಿಕೊಳ್ಳುವ ಅಥವಾ ನೆಂಚಿಕೊಳ್ಳುವ ಅಡುಗೆಗೆ ಹೆಸರಾಗಿದೆ. ಅಲ್ಲಿ 'ಇವತ್ತು ಪದಾರ್ಥ ಏನು?' ಎಂದು ಕೇಳಿದರೆ ಉತ್ತರವಾಗಿ ಬರುವುದು ಸೌತೆಕಾಯಿಯೋ ಬಸಳೆಯೋ ಆದೀತು.

ವಾಸ್ತುಶಾಸ್ತ್ರದಲ್ಲಿ ಪದವೆಂದರೆ ನಿವೇಶನವನ್ನು ಗೆರೆಯೆಳೆದು ವಿಭಾಗಿಸಿದಾಗ ದೊರೆಯುವ ಒಂದು ಚೌಕ. ಎಂಟೆಂಟರ 64 ಪದಗಳದು ಮಂಡೂಕಮಂಡಲ, ಒಂಬತ್ತೊಂಬತ್ತರ 81 ಪದಗಳದು ಪರಮಶಾಯಿಕ; ನಡುವಣ ಪದಗಳಲ್ಲಿ ಬ್ರಹ್ಮನೂ ಸುತ್ತಲಿನವುಗಳಲ್ಲಿ ಉಳಿದ ದೇವತೆಗಳೂ ನೆಲೆಸಿರುವರೆಂದು ಶಾಸ್ತ್ರ. 'ಮಾನಸಾರ'ವು ಒಂದೇ ಪದದಿಂದ ತೊಡಗಿ 1024 ಪದಗಳವರೆಗೆ ಮೂವತ್ತೆರಡು ವಿನ್ಯಾಸಗಳನ್ನು ಹೇಳುತ್ತದೆ. ಗಣಿತದಲ್ಲಿ ಬ್ರಹ್ಮಗುಪ್ತನು ವರ್ಗಮೂಲವನ್ನು ಪದವೆಂದು ಕರೆದನು. ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ಶ್ರೇಢಿಯಲ್ಲಿರುವ ಅಂಗಗಳ ಸಂಖ್ಯೆಗೆ ಪದವೆಂದು ಹೆಸರು. ನಮ್ಮ ಇಂದಿನ ಶಾಲಾಪುಸ್ತಕಗಳಲ್ಲಾದರೋ ಶ್ರೇಢಿಯ ಒಂದೊಂದು ಅಂಗವೇ ಪದ, ಬೀಜಗಣಿತದಲ್ಲಿ ಪದಗಳು ಹಲವು ಕೂಡಿದ ಉಕ್ತಿ ಬಹುಪದೋಕ್ತಿ.

ಛಂದಸ್ಸಿನಲ್ಲಿ ಪದ್ಯವೆಂಬ ಹೆಸರೇ ಪದದಿಂದ ಹುಟ್ಟಿತು. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲಿನಂತೆ ಶ್ಲೋಕದ ನಾಲ್ಕನೆಯ ಒಂದು ಭಾಗವು ಪಾದವೆನಿಸಿತು. ಆದರೆ ಕನ್ನಡವು ಈ ನಾಲ್ಕರ ಕಟ್ಟಿಗೆ ಒಳಪಡದೆ ತನ್ನ ಲಯಕ್ಕೆ ಒಗ್ಗುವ ಮೂರನ್ನೂ ಆರನ್ನೂ ಆರಿಸಿಕೊಂಡಿತು. ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಪ್ರೌಢವಾಗಿ ಕಾಣಿಸಿಕೊಂಡು, ಸರ್ವಜ್ಞನಲ್ಲಿ ಮನೆಮಾತಾಗಿ, ರಾಗಿಕಲ್ಲಿನ ಮುಂದೆ ಕುಳಿತ ಹೆಂಗಸರ ಕೊರಳಿನಲ್ಲಿ ಈಚಿನವರೆಗೂ ಬಾಳಿತು. ಷಟ್ಪದಿಯು ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂಬ ಆರು ಬಗೆಗಳಾಗಿ ಹಬ್ಬಿ, ರಾಘವಾಂಕ, ಕುಮಾರವ್ಯಾಸ, ಲಕ್ಷ್ಮೀಶರ ಕೈಯಲ್ಲಿ ನಡುಗನ್ನಡದ ಮಹಾಕಾವ್ಯಗಳನ್ನು ಹೊತ್ತಿತು. ದುಂಬಿಗೂ ಷಟ್ಪದವೆಂದು ಹೆಸರಿರುವುದನ್ನು ಕವಿಗಳು ಶ್ಲೇಷೆಗೆ ಒದಗಿಸಿಕೊಂಡುದು ಸಹಜವೇ ಆಗಿದೆ.

ಇನ್ನು ಹಾಡೆಂಬ ಅರ್ಥ. ಇದು ಹೇಗೆ ಬಂದಿತೆಂಬುದಕ್ಕೆ ಸಂಗೀತಶಾಸ್ತ್ರದಲ್ಲಿ ಸುಳುಹುಂಟು. ಭರತನು ಗಾಂಧರ್ವವನ್ನು ಸ್ವರ, ತಾಳ, ಪದ ಎಂದು ಮೂರಾಗಿ ವಿಭಾಗಿಸಿ, ಗೇಯದಲ್ಲಿಯ ಸಾಹಿತ್ಯಭಾಗಕ್ಕೆ ಪದವೆಂದನು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಪ್ರಬಂಧದ ಆರು ಅಂಗಗಳಲ್ಲಿ ಪದವನ್ನು ಒಂದಾಗಿ ಎಣಿಸಿದನು. ಹಾಡಿನ ಅಂಗವೊಂದರ ಹೆಸರು ಹಾಡಿಗೇ ಹೆಸರಾದುದು ಹೀಗೆ. ಜಯದೇವನ 'ಗೀತಗೋವಿಂದ'ದ ಗೀತಗಳು ಅಷ್ಟಪದಿಗಳೆಂದು ಪ್ರಸಿದ್ಧವಾದುವು. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ತನ್ನ ಕಾಲದ ಜನರು ಹಾಡುತ್ತಿದ್ದ ತುಮ್ಮೆದಪದ, ಪ್ರಭಾತಪದ ಮೊದಲಾದವುಗಳನ್ನು ಹೆಸರಿಸಿದ್ದಾನೆ. ಹದಿನೇಳನೆಯ ಶತಮಾನದ ಕ್ಷೇತ್ರಯ್ಯನ ಶೃಂಗಾರಪದಗಳು ನಾಟ್ಯದ ಅಭಿನಯಕ್ಕೆ ಜೀವಾಳವಾದುವು. ಉತ್ತರದಲ್ಲಿ ಸೂರದಾಸ, ಮೀರಾ ಮೊದಲಾದವರ ಕೀರ್ತನೆಗಳಿಗೂ ಪದವೆಂದೇ ಹೆಸರು.

ಆದರೆ ಕನ್ನಡದಲ್ಲಿ ಈ ಅರ್ಥಕ್ಕೆ ದೊರೆತ ಬಾಳು ಬೇರೆಯೇ. ಹಾಡು ಎಂಬ ಅಚ್ಚಗನ್ನಡದ ಮಾತು ಕೈಯಲ್ಲಿಯೇ ಇದ್ದರೂ ಜನರು ಪದವನ್ನು ಬಿಡಲಿಲ್ಲ; ಪದ ಹಾಡುವುದು, ಪದ ಹೇಳುವುದು, ಪದ ಕಟ್ಟುವುದು ಎಂಬ ನುಡಿಗಟ್ಟುಗಳು ವಿದ್ವಾಂಸರಿಂದ ಬಂದವಲ್ಲ, ಓದುಬರಹವನ್ನು ಕಾಣದವರ ಮನೆಗಳಲ್ಲಿ ಬೆಳೆದವು. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದ, ಕೋಲಾಟದ ಪದ, ಡೊಳ್ಳಿನ ಪದ, ಚೌಡಿಕೆ ಪದ, ಭಜನೆ ಪದ, ಮೊಹರಮ್ಮಿನ ಅಲಾಯಿ ಪದ ಎಂದು ಕೆಲಸಕ್ಕೊಂದು, ವಾದ್ಯಕ್ಕೊಂದು, ಹಬ್ಬಕ್ಕೊಂದು ಹೆಸರು. ಉತ್ತರ ಕರ್ನಾಟಕದ ಕಣಗಳಲ್ಲಿ ಸುಗ್ಗಿಯ ಇರುಳು ಮೇಟಿಯ ಸುತ್ತ ಎತ್ತುಗಳ ಸಾಲನ್ನು ನಡೆಸಿ ತೆನೆ ತುಳಿಸುವಾಗ, ಮನುಷ್ಯನಿಗೂ ಎತ್ತಿಗೂ ತೂಕಡಿಕೆ ಬಾರದಂತೆ ದನಿಯೆತ್ತಿ ಹಾಡುತ್ತಿದ್ದವು ಹಂತಿಯ ಪದಗಳು. ಇಡಿಯ ರಾತ್ರಿಗೆ ಸಾಲುವಷ್ಟು ಉದ್ದವಾದ ಕಥೆಗಳು ಅವುಗಳಲ್ಲಿ ಹುದುಗಿದ್ದುವು. ಒಕ್ಕಣೆಗೆ ಯಂತ್ರ ಬಂದ ಮೇಲೆ ಹಂತಿ ನಿಂತಿತು, ಹಂತಿ ನಿಂತ ಮೇಲೆ ಆ ಪದಗಳಿಗೆ ಹೊತ್ತೂ ಸ್ಥಳವೂ ಇಲ್ಲದಾದುವು. ಬೀಸುವ ಪದಗಳ ಗತಿಯೂ ಗಿರಣಿಗಳು ಬಂದ ಬಳಿಕ ಇದೇ ಆಯಿತು. ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಹುಡುಕಿ ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದುದು ಕನ್ನಡಕ್ಕೆ ಮಾಡಿದ ಉಪಕಾರಗಳಲ್ಲಿ ಸಾಮಾನ್ಯವಾದುದಲ್ಲ. ಇನ್ನು ಕೆಲವು ದಶಕ ತಡವಾಗಿದ್ದರೆ ಕೇಳಿ ಬರೆದುಕೊಳ್ಳುವುದಕ್ಕೆ ಬೀಸುಕಲ್ಲಿನ ಸದ್ದೇ ಉಳಿಯುತ್ತಿರಲಿಲ್ಲ. ಗೀಗೀ ಪದವಾದರೋ ಸಭೆಯನ್ನು ಬಯಸುವುದು. ಡಪ್ಪು ತುಂತುಣಿಗಳ ಜೊತೆಗೆ ಹಿಮ್ಮೇಳದವರು 'ಗೀ ಗೀ' ಎಂದು ಎತ್ತಿ ಹಿಡಿಯುವ ಈ ಪದಗಳು ಸ್ವಾತಂತ್ರ್ಯಹೋರಾಟದ ದಿನಗಳಲ್ಲಿ ಪತ್ರಿಕೆ ತಲಪದ ಊರುಗಳಿಗೆ ಸುದ್ದಿಯನ್ನೂ ಆವೇಶವನ್ನೂ ಮುಟ್ಟಿಸಿದುವು.

ಭಕ್ತರೂ ಅನುಭಾವಿಗಳೂ ಜನರ ಈ ಮಾತನ್ನೇ ತಮ್ಮ ರಚನೆಗಳಿಗೆ ಇಟ್ಟುಕೊಂಡರು. ಮುಳಬಾಗಿಲಿನ ಶ್ರೀಪಾದರಾಜರಿಂದ ಪುರಂದರದಾಸ, ಕನಕದಾಸರವರೆಗೂ ಅವರ ಬಳಿಕವೂ ಹರಿದಾಸರು ಹಾಡಿದುವು ದಾಸರ ಪದಗಳು. ಅವುಗಳ ಪಲ್ಲವಿ, ಅನುಪಲ್ಲವಿಗಳಾದ ಮೇಲೆ ಬರುವ ಚರಣವೂ ಕಾಲೇ. ನಿಜಗುಣ ಶಿವಯೋಗಿಗಳ 'ಕೈವಲ್ಯಪದ್ಧತಿ'ಯ ಹಾಡುಗಳು ಮಠಮಠಗಳಲ್ಲಿ ಭಜನೆಯಾಗಿ ಹಬ್ಬಿದುವು. ಶಿಶುನಾಳದ ಷರೀಫರು (1819–1889), ಗುರು ಗೋವಿಂದಭಟ್ಟರ ಶಿಷ್ಯರಾಗಿ, ಕಣ್ಣಿಗೆ ಬಿದ್ದ ಸಾಮಾನ್ಯವಸ್ತುಗಳನ್ನೇ ಹಿಡಿದು ಕಟ್ಟಿದ ತತ್ತ್ವಪದಗಳು ಏಕತಾರಿಯೊಡನೆ ಊರಿಂದೂರಿಗೆ ನಡೆದುವು. ವೇದಾಂತಿಗಳು ಮಹಾವಾಕ್ಯವನ್ನು ವಿವರಿಸುವಾಗ ತತ್‌ಪದ, ತ್ವಂಪದ ಎಂದು ಬಿಡಿಸುವ ಕ್ರಮವುಂಟು. ಷರೀಫರಂಥವರ ತತ್ತ್ವಪದವು ಅದೇ ವಿಚಾರವನ್ನು ಬಿಡಿಸದೆ, ರಾಗದಲ್ಲಿಟ್ಟು, ಕೇಳುವವನ ಎದೆಗೆ ನೇರವಾಗಿ ಕೊಟ್ಟಿತು. ಯಾವುದು ಹೆಚ್ಚು ದೂರ ಹೋಯಿತೆಂಬುದನ್ನು ಉತ್ತರ ಕರ್ನಾಟಕದ ಯಾವ ಭಜನೆಯ ಮೇಳವಾದರೂ ಹೇಳೀತು.

ಕರಾವಳಿಯ ಯಕ್ಷಗಾನದಲ್ಲಿ ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಕಲೆಯ ರಚನೆಯೇ ಆಗಿದೆ. ಪ್ರಸಂಗವೆಂಬುದು ಪದಗಳ ಮಾಲೆ. ಈಗ ಪದ್ಯವೆಂದೂ ಹೇಳುವರು. ಭಾಗವತನು ಜಾಗಟೆಯನ್ನೋ ತಾಳವನ್ನೋ ಹಿಡಿದು ಮದ್ದಳೆಯೊಡನೆ ಪದವನ್ನು ಹೇಳುವನು. ಪಾತ್ರಧಾರಿಯು ಅದಕ್ಕೆ ಆಗಿಂದಾಗಲೇ ಹೊಳೆದ ಗದ್ಯದಲ್ಲಿ ಅರ್ಥವನ್ನು ಹೇಳುವನು. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಿ ಉಳಿಯುವುದು ಇವೆರಡೇ. ಕವಿಯು ನಾಲ್ಕು ಸಾಲಿನಲ್ಲಿ ಮುಗಿಸಿದ ಸಂವಾದವನ್ನು ಇಬ್ಬರು ಸಮರ್ಥ ಅರ್ಥಧಾರಿಗಳು ಗಂಟೆಗಳ ಕಾಲ ಬೆಳೆಸಬಲ್ಲರು. ಹಾಗೆ ಬೆಳೆಸಿದುದು ಅಂದಿನ ರಾತ್ರಿಗೆ ಮಾತ್ರ ಸಲ್ಲುವುದು, ಮರುದಿನ ಅದೇ ಪದಕ್ಕೆ ಅರ್ಥ ಬೇರೆ. ಪದ ಸ್ಥಿರ, ಅರ್ಥ ಚರ ಎಂಬುದನ್ನು ಶಾಸ್ತ್ರಜ್ಞರು ಸೂತ್ರಗಳಿಂದ ಸಾಧಿಸಿದರೆ, ಓದಿಲ್ಲದ ಪ್ರೇಕ್ಷಕನು ಇಲ್ಲಿ ಅದನ್ನು ರಾತ್ರಿಯಿಡೀ ಕುಳಿತು ಸವಿಯುತ್ತಾನೆ. ಪದಾರ್ಥವಿಚಾರವು ಜನರ ಕಲೆಯಾಗಿ ಇಷ್ಟು ಸಹಜವಾಗಿ ಅರಳಿದುದನ್ನು ಬೇರೆ ಕಡೆ ತೋರಿಸುವುದು ಕಷ್ಟ.

ಇನ್ನುಳಿದುದು ಎರಡನೆಯ ಪದ, ದೇಶ್ಯವಾದುದು. ಹಳಗನ್ನಡದ ಪದಾದಿ ಪಕಾರವು ಹತ್ತನೆಯ ಶತಮಾನದಿಂದೀಚೆಗೆ ಕ್ರಮವಾಗಿ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಅದರಂತೆಯೇ ದೇಶ್ಯವಾದ ಪದ ಹದವಾಯಿತು. ಸಂಸ್ಕೃತದ ಪದವು ತತ್ಸಮದ ಮರ್ಯಾದೆಯಿಂದ ಪಕಾರವನ್ನು ಉಳಿಸಿಕೊಂಡಿತು. ಹೀಗೆ ಅದುವರೆಗೆ ಒಂದೇ ರೂಪದಲ್ಲಿ ಬೆರೆತಿದ್ದ ಎರಡು ಶಬ್ದಗಳನ್ನು ಧ್ವನಿಪರಿಣಾಮವೊಂದು ತಾನಾಗಿಯೇ ಬೇರ್ಪಡಿಸಿತು. ತಮಿಳಿನಲ್ಲಿ ಈ ಮಾರ್ಪಾಟು ನಡೆಯದುದರಿಂದ ಅಲ್ಲಿ ಇಂದಿಗೂ 'ಪದಂ' ಎಂಬ ಒಂದೇ ಉಚ್ಚಾರಣೆ ಮಾತಿಗೂ ಪಾಕಕ್ಕೂ ಸಲ್ಲುತ್ತದೆ. ತೆಲುಗಿನಲ್ಲಿ 'ಪದನು' ಎಂದರೆ ನೆಲದ ಹಸಿ, ಅಲಗಿನ ಹರಿತ.

ಹದದ ಅರ್ಥವನ್ನು ಲಕ್ಷಣವಾಕ್ಯದಿಂದ ಹಿಡಿಯುವುದು ಸುಲಭವಲ್ಲ. ಕಸುಬುಗಳಲ್ಲಿ ನೋಡಿಯೇ ತಿಳಿಯಬೇಕು. ಮಳೆ ಬಿದ್ದ ಮೇಲೆ ಮಣ್ಣು ಕೆಸರೂ ಆಗದೆ ಒಣಗಿಯೂ ಹೋಗದೆ ನೇಗಿಲಿಗೆ ಒಲಿಯುವ ಆ ಎರಡು ಮೂರು ದಿನಗಳ ಅವಧಿಯನ್ನು ರೈತನು ಹದವೆನ್ನುವನು. ಬಿತ್ತನೆಗೆ ಸಾಲುವಷ್ಟು ಬಂದುದು ಹದಮಳೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತ ಬರುವಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಅದು ಕದಡದೆ ಉಂಡೆಗಟ್ಟಿತೆಂದರೆ ಬೆಲ್ಲದ ಹದ ಬಂದಿತು. ಅರೆಗಳಿಗೆ ಮೊದಲು ಇಳಿಸಿದರೆ ಬೆಲ್ಲ ಮೆತ್ತಗೆ, ತಡೆದರೆ ಸೀದು ಕಪ್ಪು. ತಂಗಡಿಯ ತೊಗಟೆಯ ನೀರಿನಲ್ಲಿ ನೆನೆಯಿಸಿ ತೊಗಲನ್ನು ಹದಮಾಡುವರು; ಕಾಯಿಸಿದ ಕಬ್ಬಿಣಕ್ಕೆ ನೀರು ಕುಡಿಸಿ ಕಮ್ಮಾರನು ಅಲಗನ್ನು ಹದಗೊಳಿಸುವನು; ಬಿಸಿನೀರಿಗೆ, ಮಜ್ಜಿಗೆಯ ಹುಳಿಗೆ, ಮೃದಂಗದ ಕರಣೆಗೆ, ಮಾತಿಗೆ ಸಹ ಹದವುಂಟು. ನಡುಗನ್ನಡದ ಕಾವ್ಯಗಳಲ್ಲಿ 'ಹದನ' ಎಂಬುದು ಇದ್ದ ಸ್ಥಿತಿ, ನಡೆದ ಸಂಗತಿ ಎಂಬ ಅರ್ಥಕ್ಕೂ ಬೆಳೆದಿದೆ. ಇವೆಲ್ಲದರಲ್ಲಿಯೂ ಅಳತೆಯಿದೆ, ಆದರೆ ಅಳೆಯುವ ಕೋಲಿಲ್ಲ. ಕೈಯೂ ಕಣ್ಣೂ ನಾಲಗೆಯೂ ಬಹುಕಾಲದ ಅಭ್ಯಾಸದಿಂದ ಕಂಡುಕೊಳ್ಳುವ ಅಳತೆ ಅದು.

'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಗಳನ್ನು ಹೇಳಿದ ಬಳಿಕ ಅಲ್ಲಿಯ ಜನರ ನುಡಿಯ ಜಾಣ್ಮೆಯನ್ನು ಕೊಂಡಾಡುವೆಡೆಯಲ್ಲಿ, ಅವರು ಪದವನ್ನು ಅರಿತು ಮಾತನಾಡಬಲ್ಲವರೆಂಬ ಅಭಿಪ್ರಾಯವನ್ನು ಸೂಚಿಸಿದೆ. ಆ ಪದವು ಯಾವುದು? ಸಂಸ್ಕೃತದ ಪದವೆಂದಿಟ್ಟುಕೊಂಡರೆ ಅವರು ಶಬ್ದಜ್ಞಾನವುಳ್ಳವರೆಂದಾಗುವುದು. ದೇಶ್ಯವೆಂದರೆ ಹದವರಿತು ನುಡಿಯುವವರೆಂದಾಗುವುದು. ಎರಡನೆಯದನ್ನೇ ಒಪ್ಪುವುದಕ್ಕೆ ಬಲವಾದ ಕಾರಣವಿದೆ. ತತ್ಸಮವಾದ ಪದಶಬ್ದಕ್ಕೆ ಹಳಗನ್ನಡದಲ್ಲಿ ದ್ವಿತೀಯೆ 'ಪದಮಂ' ಎಂದಾಗಬೇಕು. ಅಲ್ಲಿರುವುದಾದರೋ 'ಪದನ್' ಎಂದು ನಕಾರದಿಂದ ಕೊನೆಗೊಳ್ಳುವ ರೂಪ, ಅದು ತೆಲುಗಿನ 'ಪದನು', ನಡುಗನ್ನಡದ 'ಹದನು' ಎಂಬವುಗಳಿಗೆ ನೇರವಾಗಿ ಹೊಂದುತ್ತದೆ. ಸಂದರ್ಭವೂ ಅದನ್ನೇ ಸಮರ್ಥಿಸುತ್ತದೆ. ಏಕೆಂದರೆ ಗ್ರಂಥಕಾರನು ಅಲ್ಲಿ ಹೊಗಳುತ್ತಿರುವುದು ಶಾಸ್ತ್ರವನ್ನು ಓದಿದವರನ್ನಲ್ಲ, ಓದದೆಯೂ ಕಾವ್ಯದ ಮರ್ಮವನ್ನು ಬಲ್ಲ ನಾಡವರನ್ನು. ವ್ಯಾಕರಣದ ಪದವನ್ನು ಕಲಿಸಿಕೊಡಬಹುದು, ನೇಗಿಲಿನವನಿಗೂ ಆಲೆಯವನಿಗೂ ತಿಳಿದಿರುವ ಈ ಇನ್ನೊಂದು ಪದವನ್ನು ಅವರು ಮಾತಿನಲ್ಲಿಯೂ ಬಲ್ಲವರಾಗಿದ್ದರೆಂಬುದೇ ಆ ಪದ್ಯದ ತಾತ್ಪರ್ಯ.